ಸಾಕುನಾಯಿಯ ನೆಕ್ಕುವ ಚಾಳಿ: ಕಾರಣ ಮತ್ತು ಪರಿಹಾರ

ಸಲಿಗೆ ಕೊಟ್ಟ ನಾಯಿ ಮುಖವನ್ನೇ ನೆಕ್ಕೀತು ಎಂಬರ್ಥದ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಅಯೋಗ್ಯನಿಗೆ ಆದರ ತೋರಿದರೆ ಅವನು ಮಿತಿಮೀರುವನೆಂಬುದೇ ಆ ಮಾತಿನ ತಾತ್ಪರ್ಯವೆಂದು ತರಗತಿಯಲ್ಲಿ ನಾನು ಎಷ್ಟೋ ವರ್ಷ ವಿವರಿಸಿದ್ದೇನೆ. ಆದರೆ ಆ ಗಾದೆಯಲ್ಲಿ ನಾಯಿಯ ದೋಷಕ್ಕಿಂತ ಸಲಿಗೆ ಕೊಟ್ಟವನ ದೋಷವೇ ಮೊದಲು ಹೇಳಲ್ಪಟ್ಟಿದೆ ಎಂಬುದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ. ಆ ಪ್ರಸಂಗವನ್ನೂ, ಅದರ ನಿಮಿತ್ತ ನಾನು ಕೇಳಿ ಓದಿ ತಿಳಿದುಕೊಂಡ ಸಂಗತಿಗಳನ್ನೂ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ನಿವೇದಿಸುವುದೇ ಪ್ರಕೃತ ಲೇಖನದ ಉದ್ದೇಶ. ಸ್ಮರಣ ಸಂಚಿಕೆಯೊಂದರಲ್ಲಿ ವ್ಯಾಕರಣ ಪಂಡಿತನು ನಾಯಿಯ ನಾಲಗೆಯನ್ನು ಕುರಿತು ಬರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಓದಿ ಮುಗಿಸಿದ ಬಳಿಕ ಅವರು ಹಾಗೆ ಭಾವಿಸಲಾರರೆಂದು ನಂಬಿದ್ದೇನೆ.

ನಾಯಿಯೂ ಮನೆಯೂ

ಸಂಸ್ಕೃತದಲ್ಲಿ ನಾಯಿಗೆ ಹೆಸರುಗಳು ಹಲವು. ಬೊಗಳುವುದರಿಂದ ಭಷಕ, ಮೃಗಗಳನ್ನು ಕಚ್ಚುವುದರಿಂದ ಮೃಗದಂಶಕ, ದೇವಶುನಿಯಾದ ಸರಮೆಯ ಸಂತಾನವಾದುದರಿಂದ ಸಾರಮೇಯ. ಇವೆಲ್ಲಕ್ಕಿಂತ ಸ್ವಾರಸ್ಯಕರವಾದ ಹೆಸರು ಕೌಲೇಯಕ. ಕುಲ ಎಂಬ ಶಬ್ದಕ್ಕೆ ಪ್ರತ್ಯಯ ಸೇರಿ, ನಾಯಿ ಎಂಬ ಅರ್ಥದಲ್ಲಿಯೇ ಈ ರೂಪವು ಸಿದ್ಧಿಸುತ್ತದೆಂದು ಪಾಣಿನಿಯು ಪ್ರತ್ಯೇಕವಾಗಿ ಹೇಳಿದ್ದಾನೆ. ಅದೇ ಸೂತ್ರದಲ್ಲಿ ಖಡ್ಗಕ್ಕೆ ಕೌಕ್ಷೇಯಕವೆಂದೂ ಕಂಠಾಭರಣಕ್ಕೆ ಗ್ರೈವೇಯಕವೆಂದೂ ರೂಪಗಳು ಸಿದ್ಧವಾಗುತ್ತವೆ. ಖಡ್ಗವು ಸೊಂಟದ ಪಕ್ಕಕ್ಕೆ, ಹಾರವು ಕೊರಳಿಗೆ, ನಾಯಿಯು ಮನೆತನಕ್ಕೆ ಅಂಟಿಕೊಂಡಿರುವುದೆಂಬ ಭಾವವು ಎಷ್ಟು ಪ್ರಾಚೀನವೆಂಬುದು ಇದರಿಂದ ವೇದ್ಯವಾಗುತ್ತದೆ.

ಕನ್ನಡಿಗರಿಗೂ ಈ ಬಾಂಧವ್ಯ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ಗಂಗರಾಜನಾದ ಬೂತುಗನಿಂದ ಮಣಲೇರನೆಂಬ ವೀರನು ಬೇಡಿ ಪಡೆದ ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿದುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಜರ್ಮನಿ ದೇಶದ ಬಾನ್ ನಗರದ ಬಳಿ 1914ರಲ್ಲಿ ಅಗೆದಾಗ ಸಿಕ್ಕಿದ ಸುಮಾರು 14,000 ವರ್ಷಗಳಷ್ಟು ಹಳೆಯ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇವರೊಡನೆ ನಾಯಿಯ ಮೂಳೆಗಳೂ ಇದ್ದುವು. ಇಷ್ಟು ದೀರ್ಘಕಾಲ ಜೊತೆಗಿದ್ದರೂ ನಾವು ನಾಯಿಯ ಭಾಷೆಯನ್ನು ಸರಿಯಾಗಿ ಕಲಿತಿಲ್ಲ. ಅದು ಮಾತ್ರ ನಮ್ಮ ಭಾಷೆಯನ್ನು ಬಲುಬೇಗ ಕಲಿತುಕೊಳ್ಳುತ್ತದೆ.

ನಮ್ಮ ಮನೆಯ ಪ್ರಸಂಗ

ನಾಲ್ಕು ವರ್ಷಗಳ ಹಿಂದಿನ ಆಷಾಢದ ಮಳೆಯಲ್ಲಿ ನನ್ನ ಮೊಮ್ಮಗನು ಗಟಾರದ ಪಕ್ಕದಿಂದ ನಾಯಿಮರಿಯೊಂದನ್ನು ಅಂಗಿಯಲ್ಲಿ ಸುತ್ತಿಕೊಂಡು ತಂದನು. ಮೈಬಣ್ಣ ಕೆಂಚಾದ್ದರಿಂದ ಕೆಂಚನೆಂದೇ ಹೆಸರಾಯಿತು. ಬುದ್ಧಿವಂತ ಪ್ರಾಣಿ, ಕಳ್ಳತನವಿಲ್ಲ, ಕಚ್ಚುವ ಸ್ವಭಾವವಿಲ್ಲ. ಇದ್ದ ದೋಷ ಒಂದೇ, ನೆಕ್ಕುವುದು. ಬಾಗಿಲಲ್ಲಿ ಕಾಲಿಟ್ಟವರ ಪಾದ, ಕಟ್ಟೆಯ ಮೇಲೆ ಕುಳಿತವರ ಮೊಣಕೈ, ಮಲಗಿದವರ ಕಿವಿ, ಅಳುವ ಕೂಸಿನ ಗಲ್ಲ, ಇವಾವುವೂ ಅದರ ನಾಲಗೆಗೆ ವರ್ಜ್ಯವಾಗಿರಲಿಲ್ಲ. ಸ್ನಾನ ಮುಗಿಸಿ ಬಂದವರು ಮತ್ತೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು. ಬೀಗರು ಬಂದರೆ ಕಾಲು ಮಡಚಿಕೊಂಡೇ ಕುಳಿತಿರುತ್ತಿದ್ದರು. ನಾವು ನಗುತ್ತಿದ್ದೆವು.

ಆ ನಗು ಒಂದು ದಿನ ನಿಂತಿತು. ನನ್ನ ಧರ್ಮಪತ್ನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೇಸಗೆಯಲ್ಲಿ ಹಿಮ್ಮಡಿ ಒಡೆದು ಸಣ್ಣ ಗಾಯವಾಗಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾದಾಗ ಕೆಂಚನು ಆ ಹಿಮ್ಮಡಿಯನ್ನು ನೆಕ್ಕುತ್ತ ಕುಳಿತಿರುತ್ತಿದ್ದನು. ನಾನು ಗದರಿಸಲು ಹೋದರೆ ಆಕೆಯೇ ತಡೆದಳು. “ಇರಲಿ ಬಿಡ್ರಿ, ನಾಯಿ ನೆಕ್ಕಿದ ಗಾಯ ಲಗೂ ಮಾಯ್ತದ ಅಂತ ನಮ್ಮವ್ವ ಹೇಳತಿದ್ಲು” ಎಂದಳು. ನಾನೂ ಸುಮ್ಮನಾದೆ. ಕೆಲವೇ ದಿನಗಳಲ್ಲಿ ಪಾದ ಊದಿಕೊಂಡು ಕೆಂಪಾಗಿ, ಚಳಿಜ್ವರ ಬಂದಿತು. ವೈದ್ಯರು ಗಾಯವನ್ನು ನೋಡಿ ಮೊದಲು ಕೇಳಿದ ಪ್ರಶ್ನೆ, ಮನೆಯಲ್ಲಿ ನಾಯಿ ಇದೆಯೇ ಎಂಬುದು. ಸೋಂಕು ನಾಯಿಯ ಬಾಯಿಂದಲೇ ಬಂದಿತೆಂದು ಅವರು ನಿಶ್ಚಯಿಸಿ ಹೇಳಲಿಲ್ಲ, ಮಣ್ಣಿನಿಂದಲೂ ಬರಬಹುದೆಂದರು. ಆದರೆ ತೆರೆದ ಗಾಯವನ್ನು ನಾಯಿಯ ನಾಲಗೆಗೆ ಒಡ್ಡಿದ್ದು ದೊಡ್ಡ ತಪ್ಪೆಂದೂ, ಇನ್ನು ನಾಲ್ಕು ದಿನ ತಡವಾಗಿದ್ದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಮೇಯ ಬರಬಹುದಾಗಿತ್ತೆಂದೂ ಎಚ್ಚರಿಸಿದರು. ಗಾಯವನ್ನು ತೊಳೆದು ಔಷಧ ಕಟ್ಟಿದರು. ಕೆಂಚನಿಗೆ ವರ್ಷವರ್ಷವೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ್ದರೂ ಆಕೆಗೂ ಲಸಿಕೆಯನ್ನು ಆರಂಭಿಸಿದರು. ನಾಯಿಯನ್ನು 10 ದಿನ ಗಮನಿಸುತ್ತಿರಬೇಕೆಂದರು.

ಅಂದು ರಾತ್ರಿ ನನ್ನ ಮಗನು, “ಅಪ್ಪಾ, ಇದನ್ನ ಹೊಲದ ಮನೀಗೆ ಬಿಟ್ಟು ಬರತೀನಿ. ಅವ್ವನ ಕಾಲಿಗಿಂತ ನಾಯಿ ಹೆಚ್ಚಲ್ಲ” ಎಂದನು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೊಮ್ಮಗನು ಊಟ ಬಿಟ್ಟು ಕೆಂಚನ ಕೊರಳನ್ನು ತಬ್ಬಿಕೊಂಡು ಕುಳಿತನು. ಆ 10 ದಿನಗಳ ಅವಧಿ ಮುಗಿಯುವವರೆಗೆ ನಿರ್ಣಯವನ್ನು ಮುಂದೂಡೋಣವೆಂದು ನಾನು ಹೇಳಿ, ಮರುದಿನ ಪಶುವೈದ್ಯರ ಬಳಿಗೆ ಹೋದೆನು. ಅವರು ಇದೇ ಶಾಲೆಯಲ್ಲಿ ನನ್ನಿಂದ ಸಂಧಿ ಸಮಾಸಗಳನ್ನು ಕಲಿತವರು. ಈಗ ನಾನು ಅವರ ಮುಂದೆ ಬೆಂಚಿನ ಮೇಲೆ ಶಿಷ್ಯನಂತೆ ಕುಳಿತೆನು.

ನಾಯಿ ಏಕೆ ನೆಕ್ಕುತ್ತದೆ?

ನೆಕ್ಕುವುದು ನಾಯಿಗೆ ಹುಟ್ಟುಗುಣ. ಮರಿ ಹುಟ್ಟಿದೊಡನೆ ತಾಯಿಯು ಅದನ್ನು ನೆಕ್ಕಿ ಶುಚಿಗೊಳಿಸುತ್ತದೆ, ಉಸಿರಾಟವನ್ನು ಚುರುಕುಗೊಳಿಸುತ್ತದೆ, ಮಲಮೂತ್ರ ವಿಸರ್ಜನೆಯನ್ನೂ ನೆಕ್ಕಿಯೇ ಪ್ರೇರೇಪಿಸುತ್ತದೆ. ಆದಕಾರಣ ಮರಿಗೆ ಜಗತ್ತಿನ ಮೊದಲ ಪರಿಚಯವೇ ನಾಲಗೆಯ ಸ್ಪರ್ಶ. ನಾಯಿಗಳ ಮೂಲವಂಶವಾದ ತೋಳಗಳಲ್ಲಿ, ಬೇಟೆಯಿಂದ ಮರಳಿದ ಹಿರಿಯ ತೋಳದ ಬಾಯಂಚನ್ನು ಮರಿಗಳು ನೆಕ್ಕುತ್ತವೆ; ಆಗ ಅದು ನುಂಗಿದ್ದ ಆಹಾರವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತದೆ. ನಾವು ಪೇಟೆಯಿಂದ ಬಂದಾಗ ನಾಯಿಯು ಹಾರಿ ಹಾರಿ ನಮ್ಮ ಮುಖದ ಕಡೆಗೇ ಬರುವುದರ ಮೂಲ ಇಲ್ಲಿದೆ. ಬೆಳೆದ ಮೇಲೆ ಅದೇ ಕ್ರಿಯೆಯು ಹಿರಿಯರಿಗೆ ಸಲ್ಲಿಸುವ ವಿನಯವೂ ಸ್ವಾಗತವೂ ಆಗಿ ಪರಿಣಮಿಸುತ್ತದೆ.

ಎರಡನೆಯ ಕಾರಣ ರುಚಿ. ನಮ್ಮ ಬೆವರಿನಲ್ಲಿ ಉಪ್ಪಿದೆ, ಕೈಯಲ್ಲಿ ಅನ್ನದ, ಎಣ್ಣೆಯ ವಾಸನೆಯಿದೆ, ಗಾಯದಲ್ಲಿ ರಸಿಕೆಯಿದೆ. ಮೂರನೆಯದು ಪರಿಜ್ಞಾನ. ನಾಯಿಯ ಮೇಲ್ದವಡೆಯೊಳಗೆ, ಮೂಗಿನ ತಳದಲ್ಲಿ, ವಾಸನೆಯ ವಿಶೇಷ ಕಣಗಳನ್ನು ಗುರುತಿಸುವ ಅಂಗವೊಂದಿದೆ. 1813ರಲ್ಲಿ ಅದನ್ನು ವರ್ಣಿಸಿದ ಡೆನ್ಮಾರ್ಕಿನ ವೈದ್ಯನ ಹೆಸರಿನಿಂದ ಅದನ್ನು ಜೇಕಬ್‌ಸನ್ನನ ಅಂಗವೆನ್ನುತ್ತಾರೆ. ನೆಕ್ಕಿದ ವಸ್ತುವಿನ ಸಮಾಚಾರವು ಅಲ್ಲಿಗೂ ಮುಟ್ಟುತ್ತದೆ. ನಾಲ್ಕನೆಯದು ಭಯ. ಹೆದರಿದ ನಾಯಿಯು ಎದುರಿಗಿದ್ದವರನ್ನು ಶಾಂತಗೊಳಿಸಲು ನೆಕ್ಕುತ್ತದೆ, ತನ್ನ ತುಟಿಯನ್ನೇ ಸವರಿಕೊಳ್ಳುತ್ತದೆ. ಇದನ್ನು ಪ್ರೀತಿಯೆಂದು ಭ್ರಮಿಸಬಾರದು.

ಇವೆಲ್ಲ ಸಹಜ. ಹಾಗಾದರೆ ಎಲ್ಲ ನಾಯಿಗಳೂ ಕೆಂಚನಷ್ಟು ನೆಕ್ಕುವುದಿಲ್ಲವೇಕೆ? ಇದಕ್ಕೆ ಉತ್ತರವೇ ಐದನೆಯ ಕಾರಣ, ಅಭ್ಯಾಸ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕನು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪರೀಕ್ಷೆಗಳನ್ನು ಪ್ರಕಟಿಸಿದನು. ಯಾವ ಕ್ರಿಯೆಯ ಬೆನ್ನಿಗೆ ಸುಖ ದೊರೆಯುವುದೋ ಆ ಕ್ರಿಯೆಯು ಮತ್ತೆ ಮತ್ತೆ ನಡೆಯುವುದೆಂಬುದು ಆ ಪರೀಕ್ಷೆಗಳಿಂದ ಹೊರಟ ತತ್ತ್ವ. ನನ್ನ ಶಿಷ್ಯರು ಇದನ್ನು ವಿವರಿಸಿ, “ಗುರುಗಳೇ, ಕೆಂಚ ನೆಕ್ಕಿದ ಕೂಡಲೆ ಮನೆಯಲ್ಲಿ ಏನೇನು ನಡೆಯುತ್ತದೆ, ಒಂದು ದಿನ ಬರೆದಿಡಿ” ಎಂದರು.

ಬರೆದಿಟ್ಟೆನು. ಸೊಸೆಯು ನೆಕ್ಕಿಸಿಕೊಂಡಾಗ “ಛೀ, ಹೋಗು” ಎಂದು ಕೂಗಿ ಕೈಯಿಂದ ತಳ್ಳುತ್ತಿದ್ದಳು. ಅದು ಆಟವೆಂದು ತಿಳಿದು ನಾಯಿ ಮತ್ತೆ ಬರುತ್ತಿತ್ತು. ಮೊಮ್ಮಗನು ನಕ್ಕು ತಬ್ಬಿಕೊಳ್ಳುತ್ತಿದ್ದನು. ಮಗನು ಹೆಸರು ಹಿಡಿದು ಗದರಿಸುತ್ತಿದ್ದನು. ನಾನು? ಊಟಕ್ಕೆ ಕುಳಿತಾಗ ಎಡಗೈಯನ್ನು ನೆಕ್ಕಿದರೆ, ಪೀಡೆ ತೊಲಗಲೆಂದು ರೊಟ್ಟಿಯ ಚೂರೊಂದನ್ನು ಎಸೆಯುತ್ತಿದ್ದೆನು. ದಿನಕ್ಕೆ ಎರಡು ಸಲ, ಮೂರು ವರ್ಷ! ಗಾಯ ನೆಕ್ಕುವುದನ್ನು ತಡೆಯದೆ ಸುಮ್ಮನಾದವನೂ ನಾನೇ. ನೆಕ್ಕಿದರೆ ಫಲವುಂಟೆಂಬ ಪಾಠವನ್ನು ತಪ್ಪದೆ ಬೋಧಿಸಿದವನೂ ನಾನೇ. ಮೂವತ್ತು ವರ್ಷ ಪಾಠ ಹೇಳಿದ ನನಗೆ, ನಾನು ಅರಿಯದೆ ಹೇಳಿದ ಪಾಠವನ್ನೇ ಶಿಷ್ಯನೊಬ್ಬನು ಅತ್ಯಂತ ನಿಷ್ಠೆಯಿಂದ ಕಲಿತಿದ್ದುದು ಕಂಡು ನಾಚಿಕೆಯಾಯಿತು.

ಅಪಾಯವೇನು, ಎಷ್ಟು?

ನಾಯಿಯ ಜೊಲ್ಲಿಗೆ ಗಾಯ ಮಾಯಿಸುವ ಗುಣವುಂಟೆಂಬ ನಂಬಿಕೆ ಅನೇಕ ದೇಶಗಳಲ್ಲಿದೆ. ಅದರಲ್ಲಿ ಲೇಶ ಸತ್ಯವಿಲ್ಲದಿಲ್ಲ; ಕೆಲವು ಸೂಕ್ಷ್ಮಾಣುಗಳನ್ನು ಕುಗ್ಗಿಸುವ ಪದಾರ್ಥಗಳು ಜೊಲ್ಲಿನಲ್ಲಿವೆ. ಆದರೆ ಅದೇ ಬಾಯಲ್ಲಿ ಬೇರೆ ಅನೇಕ ಸೂಕ್ಷ್ಮಾಣುಗಳು ನೆಲಸಿವೆ. ನಾಯಿಗಳ ಬಾಯಲ್ಲಿ ನಿರುಪದ್ರವಿಯಾಗಿರುವ ಕ್ಯಾಪ್ನೊಸೈಟೊಫೇಗ ಎಂಬ ಜಾತಿಯ ಒಂದು ಸೂಕ್ಷ್ಮಾಣುವು ಮನುಷ್ಯನ ರಕ್ತವನ್ನು ಸೇರಿದರೆ ಅಪರೂಪವಾಗಿ ಪ್ರಾಣಾಂತಿಕವಾದ ರಕ್ತದ ನಂಜನ್ನು ಉಂಟುಮಾಡುತ್ತದೆ. 1976ರಲ್ಲಿ ಇದು ಮೊದಲು ವರದಿಯಾಯಿತು. ಆರೋಗ್ಯವಂತರ ಗಟ್ಟಿಯಾದ ಚರ್ಮಕ್ಕೆ ಇದರ ಭಯ ತೀರ ಕಡಿಮೆ. ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡವರು, ಮದ್ಯಪಾನದಿಂದ ಯಕೃತ್ತು ಕೆಟ್ಟವರು, ಸಕ್ಕರೆ ಕಾಯಿಲೆಯವರು, ವೃದ್ಧರು, ಎಳೆಗೂಸುಗಳು ಎಚ್ಚರದಿಂದಿರಬೇಕು.

ಎರಡನೆಯದು ಹುಳುಗಳ ಬಾಧೆ. ಕುರಿ ಆಡುಗಳ ಹಸಿ ಕರುಳು ಯಕೃತ್ತುಗಳನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಒಂದು ಬಗೆಯ ಚಿಕ್ಕ ಲಾಡಿಹುಳು ಬೆಳೆಯಬಹುದು. ಅದರ ತತ್ತಿಗಳು ನಾಯಿಯ ಮಲದಲ್ಲಿ ಹೊರಬರುತ್ತವೆ. ನಾಯಿಯು ತನ್ನ ಗುದವನ್ನು ನೆಕ್ಕಿಕೊಂಡು, ಅದೇ ನಾಲಗೆಯಿಂದ ಮಗುವಿನ ಕೈಯನ್ನು ನೆಕ್ಕಿದರೆ ತತ್ತಿಗಳು ಮಗುವಿನ ಬಾಯಿ ಸೇರಬಹುದು. ವರ್ಷಗಳಾನಂತರ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರುಗಂಟಾಗಿ ಅದು ಪ್ರಕಟವಾಗುತ್ತದೆ. ಆದುದರಿಂದ ನಾಯಿಗೆ ಹಸಿಮಾಂಸದ ಕಸವನ್ನು ಹಾಕದಿರುವುದೂ, ಪಶುವೈದ್ಯರು ಹೇಳಿದ ಕಾಲಕ್ಕೆ ಹುಳುವಿನ ಔಷಧ ಕೊಡಿಸುವುದೂ ಅವಶ್ಯ.

ಮೂರನೆಯದು, ಎಲ್ಲಕ್ಕಿಂತ ಘೋರವಾದುದು ರೇಬೀಸ್. ಇದರ ವಿಷಾಣು ಜೊಲ್ಲಿನಲ್ಲಿರುತ್ತದೆ. ಲಕ್ಷಣಗಳು ತೋರಿದ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. 1885ರ ಜುಲೈ 6ರಂದು ಲೂಯಿ ಪಾಶ್ಚರನು ನಾಯಿ ಕಚ್ಚಿದ್ದ 9 ವರ್ಷದ ಬಾಲಕನಿಗೆ ಲಸಿಕೆ ಕೊಡಿಸಲಾರಂಭಿಸಿ ಉಳಿಸಿದ ಕಥೆ ಪ್ರಸಿದ್ಧ. ನಮ್ಮ ದಕ್ಷಿಣ ದೇಶದಲ್ಲಿ 1907ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯು ಆರಂಭವಾಯಿತು. ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆ ಈಗ ಇಲ್ಲ. ತೋಳಿಗೆ ಕೊಡುವ ಹೊಸ ಲಸಿಕೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯು ನಾಯಿಯ ಸಂಪರ್ಕವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ಅದು ಮೊದಲನೆಯ ದರ್ಜೆ, ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚುಗಾಯ ಎರಡನೆಯದು. ತೊಳೆದು ಲಸಿಕೆ ಹಾಕಿಸಬೇಕು. ರಕ್ತ ಬರುವಂತೆ ಕಚ್ಚಿದುದು, ಒಡೆದ ಚರ್ಮವನ್ನು ನೆಕ್ಕಿದುದು, ಕಣ್ಣು ಬಾಯಿಗಳ ಒಳಪೊರೆಗೆ ಜೊಲ್ಲು ತಾಗಿದುದು ಮೂರನೆಯ ದರ್ಜೆ. ಇದಕ್ಕೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಪ್ರತಿರೋಧಕ ಔಷಧವನ್ನೂ ಕೊಡುತ್ತಾರೆ. ಕಚ್ಚದೆ ಬರಿಯ ನೆಕ್ಕುವಿಕೆಯೂ ಕಚ್ಚಿದಷ್ಟೇ ಗಂಭೀರವಾಗಬಲ್ಲುದೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಯಾವ ದರ್ಜೆಯ ಗಾಯವಾದರೂ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯುವುದು ಪ್ರಥಮ ಕರ್ತವ್ಯ. ಅರಿಸಿನ, ಸುಣ್ಣ, ಖಾರದ ಪುಡಿ ಮೆತ್ತುವುದು ಸಲ್ಲದು. ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಾಯಿಗೂ ಅಪಾಯವುಂಟೆಂಬುದನ್ನು ಮರೆಯಬಾರದು. ಮೊಣಕಾಲಿಗೆ ಹಚ್ಚಿಕೊಂಡ ನೋವಿನ ಮುಲಾಮನ್ನು ನೆಕ್ಕಿದ ನಾಯಿಗೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಆಗಬಹುದು.

ಚಾಳಿ ಬಿಡಿಸುವ ಕ್ರಮ

ಪಶುವೈದ್ಯರು ಮೊದಲು ಕೆಂಚನ ಮೈಯನ್ನು ಪರೀಕ್ಷಿಸಿದರು. ತನ್ನ ಪಂಜಗಳನ್ನೇ ಸದಾ ನೆಕ್ಕಿಕೊಳ್ಳುವ ನಾಯಿಗೆ ಉಣ್ಣೆ, ಚಿಗಟ, ಚರ್ಮದ ತುರಿಕೆ ಇರಬಹುದು. ನೆಲ, ಗೋಡೆಗಳನ್ನು ಬಿಡದೆ ನೆಕ್ಕುವುದಕ್ಕೆ ಹೊಟ್ಟೆಯ ವ್ಯಾಧಿ ಕಾರಣವಾಗಿರಬಹುದು. ಕೆನಡಾದಲ್ಲಿ ಅಂತಹ 19 ನಾಯಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ 14 ನಾಯಿಗಳಿಗೆ ಜಠರ ಅಥವಾ ಕರುಳಿನ ರೋಗವಿದ್ದುದು ತಿಳಿದುಬಂದಿದೆ. ಕೆಂಚನಿಗೆ ಇಂತಹ ರೋಗವಾವುದೂ ಇರಲಿಲ್ಲ. ಅವರು ಹೇಳಿದ ಕ್ರಮವನ್ನು ನಾವು ಪಾಲಿಸಿದ ಬಗೆ ಹೀಗಿದೆ.

ಒಂದನೆಯದಾಗಿ, ನೆಕ್ಕುವುದಕ್ಕೆ ಯಾವ ಫಲವೂ ದೊರೆಯಬಾರದು. ನೆಕ್ಕಿದೊಡನೆ ಮಾತನಾಡದೆ, ನೋಡದೆ, ತಳ್ಳದೆ, ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎದ್ದು ಹೋಗುವುದು. ಬೈಗುಳವೂ ನಾಯಿಗೆ ಒಂದು ಬಗೆಯ ಆದರವೇ. ನಿರ್ಲಕ್ಷ್ಯವೊಂದೇ ಅದಕ್ಕೆ ಅರ್ಥವಾಗುವ ನಿರಾಕರಣೆ.

ಎರಡನೆಯದಾಗಿ, ಮನೆಮಂದಿಯೆಲ್ಲ ಏಕರೀತಿಯಾಗಿ ನಡೆಯಬೇಕು. ಐವರು ನಿರಾಕರಿಸಿ ಒಬ್ಬನು ಅಪರೂಪಕ್ಕೊಮ್ಮೆ ಒಪ್ಪಿದರೂ ಚಾಳಿ ಹೋಗುವುದಿಲ್ಲ, ಮೊದಲಿಗಿಂತ ಬಲವಾಗುತ್ತದೆ. ಎಂದಾದರೊಮ್ಮೆ ದೊರೆಯುವ ಫಲದ ಆಸೆಯೇ ಹೆಚ್ಚು ಕಾಲ ನಿಲ್ಲುವುದೆಂಬುದು ಪರೀಕ್ಷೆಗಳಿಂದ ಸಿದ್ಧಪಟ್ಟಿದೆ. ಜೂಜುಗಾರನ ಮನಸ್ಸೂ ಹೀಗೆಯೇ ಅಲ್ಲವೇ?

ಮೂರನೆಯದಾಗಿ, ಬಿಡಬೇಕಾದುದರ ಸ್ಥಾನದಲ್ಲಿ ಮಾಡಬೇಕಾದುದನ್ನು ಕಲಿಸಬೇಕು. ಯಾರಾದರೂ ಒಳಗೆ ಬಂದರೆ ನಾಯಿಯು ಗೋಣಿಚೀಲದ ಮೇಲೆ ಕುಳಿತುಕೊಳ್ಳಬೇಕು. ಕುಳಿತೊಡನೆ ರೊಟ್ಟಿಯ ಚೂರು, ತಲೆ ಸವರುವುದು, ಒಳ್ಳೆಯ ಮಾತು. ಕುಳಿತ ನಾಯಿಯು ಮುಖ ನೆಕ್ಕಲಾರದು. ನಾನು ಎಸೆಯುತ್ತಿದ್ದ ಅದೇ ರೊಟ್ಟಿ, ಅದೇ ಕೈ. ಕಾಲ ಮಾತ್ರ ಬದಲಾಯಿತು.

ನಾಲ್ಕನೆಯದಾಗಿ, ನಾಲಗೆಗೂ ಕಾಲಿಗೂ ಯೋಗ್ಯವಾದ ಕೆಲಸ ಕೊಡಬೇಕು. ಬೆಳಿಗ್ಗೆ ಸಂಜೆ ಕೆರೆಯ ದಂಡೆಯವರೆಗೆ ನಡೆಯುವುದು, ಮಧ್ಯಾಹ್ನ ಕಲ್ಲಿನ ಬಟ್ಟಲಿಗೆ ತೆಳ್ಳಗೆ ಸವರಿದ ಅಂಬಲಿಯನ್ನು ನೆಕ್ಕಲು ಬಿಡುವುದು. ಬೇಸರವೇ ಅನೇಕ ಚಾಳಿಗಳ ತಾಯಿ.

ಐದನೆಯದಾಗಿ, ಹೊಡೆಯಬಾರದು. ಹೊಡೆತದಿಂದ ಹೆದರಿದ ನಾಯಿಯು ಶಾಂತಗೊಳಿಸಲೆಂದು ಮತ್ತಷ್ಟು ನೆಕ್ಕುತ್ತದೆ, ಇಲ್ಲವೆ ಕಚ್ಚಲು ಕಲಿಯುತ್ತದೆ.

ಆರಂಭದ ವಾರದಲ್ಲಿ ಕೆಂಚನ ಉಪದ್ರವ ಇಮ್ಮಡಿಯಾಯಿತು. ಫಲ ದೊರೆಯದಾದಾಗ ಪ್ರಾಣಿಯು ಕೈಬಿಡುವ ಮುನ್ನ ಹೆಚ್ಚು ಪ್ರಯತ್ನಿಸುವುದು ಸಹಜವೆಂದು ಮೊದಲೇ ತಿಳಿದಿದ್ದುದರಿಂದ ನಾವು ಧೈರ್ಯಗೆಡಲಿಲ್ಲ. ಮೊಮ್ಮಗನಿಗೆ ಇದು ಬಲು ಕಷ್ಟವಾಯಿತು. “ಅಜ್ಜಾ, ಅದಕ್ಕ ನಾನು ಸಿಟ್ಟಾಗೀನಿ ಅನಿಸ್ತದಲ್ಲ?” ಎಂದು ಕಣ್ಣೀರು ತಂದನು. ಕುಳಿತಾಗ ಪ್ರೀತಿಸು, ನೆಕ್ಕಿದಾಗ ಸುಮ್ಮನಿರು. ಪ್ರೀತಿ ಕಡಿಮೆಯಾಗುವುದಿಲ್ಲ, ಅದರ ಹೊತ್ತು ಮಾತ್ರ ಬದಲಾಗುತ್ತದೆ ಎಂದು ಸಮಾಧಾನ ಹೇಳಿದೆನು. ಒಂದು ತಿಂಗಳಲ್ಲಿ ಬದಲಾವಣೆ ಕಂಡಿತು. ಮೂರು ತಿಂಗಳಲ್ಲಿ ಬೀಗರು ಕಾಲು ಚಾಚಿ ಕುಳಿತರು. ಪತ್ನಿಯ ಪಾದವೂ ನಿಧಾನವಾಗಿ ಮಾಯಿತು. ಈಗ ಆಕೆ ಮನೆಯೊಳಗೂ ಮೆಟ್ಟು ಹಾಕಿಕೊಂಡು, ಪ್ರತಿ ರಾತ್ರಿ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳುತ್ತಾಳೆ. ಹೊಲದ ಮನೆಯ ಮಾತನ್ನು ಮಗನು ಮತ್ತೆ ಎತ್ತಲಿಲ್ಲ.

ಉಪಸಂಹಾರ

ನಾಯಿಯ ಬಾಲ ಡೊಂಕೆಂದು ಗಾದೆ ಹೇಳಿ ಕೈಚೆಲ್ಲುವವರಿದ್ದಾರೆ. ಬಾಲದ ಡೊಂಕು ದೇಹಧರ್ಮ; ಅದನ್ನು ನೆಟ್ಟಗಾಗಿಸುವುದು ಸಾಧ್ಯವೂ ಇಲ್ಲ, ಅವಶ್ಯವೂ ಇಲ್ಲ. ಚಾಳಿಯಾದರೋ ಕಲಿತದ್ದು, ಕಲಿತದ್ದನ್ನು ಮರೆಸಬಹುದು, ಕಲಿಸಿದವನು ಮೊದಲು ತಿದ್ದಿಕೊಂಡರೆ. ಮನೆಯಲ್ಲಿ ನಾಯಿ ಸಾಕಿರುವ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಲಸಿಕೆ, ಕಾಲಕ್ಕೆ ಸರಿಯಾಗಿ ಹುಳುವಿನ ಔಷಧ, ಮುಟ್ಟಿದ ಮೇಲೆ ಸಾಬೂನು, ಗಾಯದಿಂದ ನಾಲಗೆಗೆ ದೂರ, ಈ ನಾಲ್ಕನ್ನು ನೆನಪಿನಲ್ಲಿಡಬೇಕು. ಬೀದಿನಾಯಿ ನೆಕ್ಕಿದರೂ ಪರಚಿದರೂ ಬೈಗುಳಕ್ಕೆ ಅಂಜಿ ಮುಚ್ಚಿಡದೆ ಹಿರಿಯರಿಗೆ ತಿಳಿಸಬೇಕು. ಹಿರಿಯರು ಬೈಯದೆ ಕೇಳಬೇಕು.

ಪರೀಕ್ಷಾ ಕಾರ್ಯಕ್ಕಾಗಿ ನಾನು ನಾಲ್ಕಾರು ದಿನ ಪರಸ್ಥಳಕ್ಕೆ ಹೋಗಿ ಬಂದಾಗ, ಕೆಂಚನು ಗೋಣಿಚೀಲದ ಮೇಲೆ ಕುಳಿತೇ ಮೈಯೆಲ್ಲ ನಡುಗಿಸುತ್ತ ಕಾಯುತ್ತಾನೆ. ನಾನು ಬಗ್ಗಿ ತಲೆ ಸವರುವಾಗ ಒಮ್ಮೊಮ್ಮೆ ತಡೆಯಲಾರದೆ ಅಂಗೈಗೆ ನಾಲಗೆ ತಾಗಿಸಿಬಿಡುತ್ತಾನೆ. ನಿಯಮದಂತೆ ನಾನು ಮಾತನಾಡದೆ ಎದ್ದು, ಬಚ್ಚಲಿಗೆ ಹೋಗಿ ಸಾಬೂನಿನಿಂದ ಕೈ ತೊಳೆದುಕೊಂಡು, ಮತ್ತೆ ಬಂದು ಅವನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.